‘ವಿದ್ಯುದ್ವಿಭಜನೆ’ ಎಂದರೆ ಶೇಡಿ ಒಡೆಯುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಕಾಯೋಲಿನ್ ಎಂಬ ಬಿಳಿ ಜೇಡಿಮಣ್ಣನ್ನು ವಿದ್ಯುತ್ ಹರಿಸಿ ಶುದ್ಧಿ ಮಾಡುವ ಬಗ್ಗೆ ಕಾಲೇಜು ಮಕ್ಕಳಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಎರಡು ಪದಗಳು ತೊಡಕಾಗಿವೆ.

ಒಂದು, ಮಣ್ಣಿನ ಹೆಸರು. ‘ಚೀನೀ ಮಣ್ಣು’ ಎನ್ನುವವರಿದ್ದಾರೆ. ಕಾಯೋಲಿನ್ ಎಂಬುದೂ ಚೀನಾದ ಗಾವೊಲಿಂಗ್‌ನಿಂದ ಬಂದದ್ದೇ. ಆದರೆ ಶಿರಸಿ ಕಡೆ ದೀಪಾವಳಿಗೆ ಕೆಮ್ಮಣ್ಣಿನ ಗೋಡೆಯ ಮೇಲೆ ಚಿತ್ತಾರ ಬರೆಯುವ ಶೇಡಿ ಇದರದೇ ಬಳಗ. ಕರಾವಳಿಯಲ್ಲಿ ಬಾವಿ ತೋಡುವಾಗ ಚಿರೆಕಲ್ಲಿನ ಅಡಿಗೆ ಸಿಗುವುದೂ ಶೇಡಿಯೇ. ಅಗೆದ ಶೇಡಿಯಲ್ಲಿ ಮರಳು, ಕಬ್ಬಿಣ ಬೆರೆತಿರುತ್ತವೆ. ಹಾಗಾಗಿ ಅಗೆದದ್ದಕ್ಕೆ ‘ಶೇಡಿ’, ಶುದ್ಧಿಯಾದದ್ದಕ್ಕೆ ‘ಕಾಯೋಲಿನ್’ ಎಂದು ಇಟ್ಟುಕೊಂಡಿದ್ದೇನೆ. ಒಪ್ಪುತ್ತೀರಾ?

ನಿಜವಾದ ಕಗ್ಗಂಟು ಎರಡನೆಯದು. ಅನೇಕರು ಈ ಕೆಲಸಕ್ಕೆಲ್ಲ ‘ವಿದ್ಯುದ್ವಿಭಜನೆ’, ಅಂದರೆ ವಿದ್ಯುತ್ತಿನಿಂದ ವಸ್ತುವನ್ನು ಒಡೆಯುವುದು, ಎಂದೇ ಬರೆಯುತ್ತಾರೆ. ಅದು ತಪ್ಪೆಂದು ನನ್ನ ಖಚಿತ ಅಭಿಪ್ರಾಯ. ಶೇಡಿ ಕಲಸಿದ ನೀರನ್ನು ಅಲ್ಲಾಡಿಸಿ, ಮರಳು ತಳಕ್ಕೆ ಕೂತ ಮೇಲೆ ಹಾಲಿನಂಥ ನೀರನ್ನಷ್ಟೇ ಗಾಜಿನ ಲೋಟಕ್ಕೆ ಬಗ್ಗಿಸಿದೆ. ಎರಡು ಪೆನ್ಸಿಲ್ ಕಡ್ಡಿ ಇಳಿಬಿಟ್ಟು 9 ವೋಲ್ಟಿನ ಬ್ಯಾಟರಿಗೆ ಜೋಡಿಸಿದೆ. ಧನ ತುದಿಯ ಕಡ್ಡಿಗೆ ಬಿಳಿ ಮೆತ್ತೆ ಕೆನೆಯಂತೆ ಕಟ್ಟಿತು. ಋಣ ತುದಿಯಲ್ಲಿ ಬರೀ ಗುಳ್ಳೆ. ಒಡೆದದ್ದು ನೀರು, ಮಣ್ಣಲ್ಲ. ಋಣ ವಿದ್ಯುದಂಶವಿರುವ ಮಣ್ಣಿನ ಕಣಗಳು ಧನದ ಕಡೆ ಸರಿದವು, ಅಷ್ಟೇ. ಮಾಸ್ಕೋದಲ್ಲಿ ರಾಯ್ಸ್ ಎಂಬ ವಿಜ್ಞಾನಿ 1809ರಲ್ಲೇ ವರದಿ ಮಾಡಿದ್ದು ಇದನ್ನೇ. ಒತ್ತಾದ ಜೇಡಿಯೊಳಗಿನ ನೀರು ಋಣದ ಕಡೆ ಹೋಗುವುದನ್ನೂ ಆತ ಕಂಡಿದ್ದ.

ಕಣದ ಸರಿಯುವಿಕೆಗೆ ‘ವಿದ್ಯುತ್ ಸರಿತ’, ನೀರಿನದಕ್ಕೆ ‘ವಿದ್ಯುತ್ ಜಿನುಗು’ ಎನ್ನಬಹುದೇ? ಕಣ ಎಷ್ಟು ವೇಗವಾಗಿ ಸರಿಯುತ್ತದೆ ಎಂಬುದರಿಂದಲೇ ಅದರ ಮೇಲ್ಮೈಯ ವಿದ್ಯುತ್ ಗುಣ ಅಳೆಯುತ್ತಾರೆ. ಅದನ್ನು ‘ಜೀಟಾ ವಿಭವ’ ಎಂದೇ ಬಿಟ್ಟಿದ್ದೇನೆ. ಆಮ್ಲ ಹೆಚ್ಚಿದಂತೆ ಮಣ್ಣಿನ ಕಣದ ಋಣಾಂಶ ಕುಂದುತ್ತದೆ.

ಕಬ್ಬಿಣದಿಂದ ಮಣ್ಣಿಗೆ ಹತ್ತಿದ ಹಳದಿ ಕಲೆ ತೆಗೆಯುವುದು ಬೇರೆಯೇ ಕೆಲಸ. ಅಲ್ಲಿ ಕಬ್ಬಿಣಕ್ಕೆ ಎಲೆಕ್ಟ್ರಾನ್ ಕೊಟ್ಟು ನೀರಿನಲ್ಲಿ ಕರಗುವ ರೂಪಕ್ಕೆ ತರುತ್ತಾರೆ. ಪಠ್ಯಗಳ ‘ಅಪಕರ್ಷಣ’ ಇದಕ್ಕೆ ಸರಿಹೊಂದುತ್ತದೆ. ಕಣದ ಹೊರಗೆ ಅಂಟಿದ ಕಬ್ಬಿಣ ಹೀಗೆ ಹೋಗುತ್ತದೆ, ಹರಳಿನೊಳಗೆ ಸೇರಿಕೊಂಡದ್ದು ಸುಲಭಕ್ಕೆ ಬಿಡದು. ‘ಶುದ್ಧೀಕರಣ’ ಎಂಬ ಒಂದೇ ಪದದಡಿ ಬಗ್ಗಿಸುವುದು, ಸರಿಸುವುದು, ಕಲೆ ಬಿಡಿಸುವುದು ಮೂರನ್ನೂ ತುರುಕಲು ನನಗೆ ಮನಸ್ಸಿಲ್ಲ.

ಕಾರವಾರ, ಕುಮಟಾ ಕಡೆಯವರು, ಮುಖ್ಯವಾಗಿ ಕುಂಬಾರಿಕೆ ಬಲ್ಲ ಮನೆಗಳವರು, ಮಣ್ಣು ಹಸನು ಮಾಡುವಾಗ ಆಡುವ ಕ್ರಿಯಾಪದಗಳನ್ನು ದಯವಿಟ್ಟು ತಿಳಿಸಿ.