ಫೈಟ್ ಇಷ್ಟು ಚೆನ್ನಾಗಿದ್ದರೂ ಸಿನಿಮಾ ಯಾಕೆ ಮನಸ್ಸಲ್ಲಿ ಉಳಿಯುವುದಿಲ್ಲ?

ಪ್ರಶ್ನೆ

ತುಂಬಾ ದಿನದಿಂದ ತಲೆ ಕೊರೆಯುತ್ತಿರುವ ವಿಷಯ. ಮೊನ್ನೆ ಒಂದು ದೊಡ್ಡ ಬಜೆಟ್ಟಿನ ಆಕ್ಷನ್ ಸಿನಿಮಾ ನೋಡಿದೆ. ಹೆಸರು ಬೇಡ, ಯಾಕೆಂದರೆ ಇದು ಆ ಒಂದು ಸಿನಿಮಾದ ಸಮಸ್ಯೆ ಅಲ್ಲ. ಫೈಟ್‌ಗಳು ನಿಜಕ್ಕೂ ಚೆನ್ನಾಗಿದ್ದವು. ಎಂಟ್ರಿ ಸೀನಿಗೆ ಮೈ ಜುಮ್ ಅಂದಿತು. ಆದರೆ ಎರಡು ದಿನ ಕಳೆದ ಮೇಲೆ ನಾಯಕನ ಪಾತ್ರದ ಹೆಸರೇ ನೆನಪಾಗಲಿಲ್ಲ. ಕೊನೆಯ ಅರ್ಧ ಗಂಟೆ ಕಟ್ಟಡಗಳು ಬೀಳುತ್ತಲೇ ಇದ್ದವು, ಜನ ಸಾಯುತ್ತಲೇ ಇದ್ದರು, ನಾನು ಸುಮ್ನೆ ನೋಡುತ್ತಾ ಕೂತಿದ್ದೆ.

ಅದೇ 1988ರ 'ಡೈ ಹಾರ್ಡ್' ಎಷ್ಟನೇ ಸಲ ನೋಡಿದರೂ, ನಾಯಕ ಬರಿಗಾಲಲ್ಲಿ ಗಾಜಿನ ಚೂರುಗಳ ಮೇಲೆ ಹೋಗುವಾಗ ನನ್ನ ಕಾಲ್ಬೆರಳು ತಾನಾಗಿ ಮುದುರಿಕೊಳ್ಳುತ್ತದೆ. ಒಂದು ಕಟ್ಟಡ, ಒಂದು ರಾತ್ರಿ, ಒಬ್ಬ ಪೊಲೀಸ್. ಅಷ್ಟೇ. ಖರ್ಚು ಜಾಸ್ತಿ ಆದಷ್ಟೂ ಅನ್ನಿಸುವುದು ಕಡಿಮೆ ಆಗುತ್ತಾ ಹೋಗುವುದು ಯಾಕೆ? "ಲಾಜಿಕ್ ಇಲ್ಲ" ಅನ್ನುವ ಉತ್ತರ ಬೇಡ. ಲಾಜಿಕ್ ಇಲ್ಲದ ಎಷ್ಟೋ ಸಿನಿಮಾಗಳು ನನಗೆ ಪ್ರಾಣ.

ಉತ್ತರ 1

ನೀವು ಹೇಳಿದ 'ಡೈ ಹಾರ್ಡ್' ಅನ್ನೇ ಹಿಡಿದು ನೋಡೋಣ. ಅವನು ಬರಿಗಾಲಲ್ಲಿ ಯಾಕಿದ್ದಾನೆ? ವಿಮಾನದಲ್ಲಿ ಪಕ್ಕದ ಸೀಟಿನವನು, ಪ್ರಯಾಣದ ಸುಸ್ತು ಹೋಗಬೇಕಾದರೆ ಶೂ ಬಿಚ್ಚಿ ಕಾರ್ಪೆಟ್ ಮೇಲೆ ಓಡಾಡು ಅಂದಿರುತ್ತಾನೆ. ಇವನು ಹಾಗೇ ಮಾಡುತ್ತಿರುವಾಗ ಗುಂಡಿನ ಸದ್ದು ಶುರುವಾಗುತ್ತದೆ. ಶೂ ಹಾಕಿಕೊಳ್ಳಲು ಸಮಯ ಎಲ್ಲಿ? ಮುಂದೆ ಖಳನಾಯಕ ಎದುರಿಗೇ ಸಿಗುತ್ತಾನೆ, ಒತ್ತೆಯಾಳಿನ ಹಾಗೆ ನಟಿಸುತ್ತಾ ಆ ಕಾಲುಗಳನ್ನು ಗಮನಿಸಿಬಿಡುತ್ತಾನೆ. ಆಮೇಲೆ ತನ್ನವರಿಗೆ ಹೇಳುವುದೇನು? ಗಾಜಿಗೆ ಹೊಡೆಯಿರಿ ಅಂತ.

ಆಮೇಲಿನ ದೃಶ್ಯ ಇನ್ನೂ ಮುಖ್ಯ. ನಾಯಕ ಬಾತ್‌ರೂಮಿನಲ್ಲಿ ಕೂತು ಪಾದದಿಂದ ಚೂರು ಕೀಳುತ್ತಾ, ಮುಖವನ್ನೇ ನೋಡಿರದ ಇನ್ನೊಬ್ಬ ಪೊಲೀಸಿನ ಜೊತೆ ವೈರ್‌ಲೆಸ್‌ನಲ್ಲಿ ಮಾತಾಡುತ್ತಾನೆ. ನಾನು ಬದುಕಿ ಬರದಿದ್ದರೆ ನನ್ನ ಹೆಂಡತಿಗೆ ಹೇಳು, ತಪ್ಪು ನನ್ನದು ಅಂತ. ಕಾಲು ಕೊಯ್ದುಕೊಳ್ಳದೆ ಇದ್ದಿದ್ದರೆ ಆ ಮನುಷ್ಯ ಕೂರುತ್ತಲೇ ಇರಲಿಲ್ಲ. ಕೂರದಿದ್ದರೆ ಆ ಮಾತೂ ಬರುತ್ತಿರಲಿಲ್ಲ. ಎರಡು ಫೈಟ್‌ಗಳ ನಡುವೆ ತಂದು ತುರುಕಿದ ಸೆಂಟಿಮೆಂಟ್ ಅಲ್ಲ ಅದು, ಫೈಟಿನಿಂದಲೇ ಹುಟ್ಟಿದ ಮಾತು.

ನೀವು ಮೊನ್ನೆ ನೋಡಿದ ಸಿನಿಮಾದಲ್ಲಿ ಒಂದು ಫೈಟ್ ಪೂರ್ತಿ ಕತ್ತರಿಸಿ ಬಿಸಾಕಿದರೆ ಮುಂದಿನ ದೃಶ್ಯ ಬದಲಾಗುತ್ತದಾ? ಬದಲಾಗದಿದ್ದರೆ ಅಲ್ಲೇ ಉತ್ತರ ಇದೆ ಅಂತ ನನ್ನ ಲೆಕ್ಕ.

ಉತ್ತರ 2

ಮೇಲಿನವರ ಮಾತು ಅರ್ಧ ಒಪ್ಪುತ್ತೇನೆ. ಆದರೆ ಪಾತ್ರ ಬೆಳೆಯಬೇಕು, ಬದಲಾಗಬೇಕು ಅಂತ ಎಲ್ಲರೂ ಹೇಳುವುದು ನನಗೆ ಯಾಕೋ ಸರಿ ಕಾಣುವುದಿಲ್ಲ. ಎಷ್ಟೋ ಒಳ್ಳೆಯ ಆಕ್ಷನ್ ಸಿನಿಮಾಗಳಲ್ಲಿ ನಾಯಕ ಶುರುವಿನಲ್ಲಿ ಹೇಗಿದ್ದನೋ ಕೊನೆಯಲ್ಲೂ ಹಾಗೇ ಇರುತ್ತಾನೆ. ಬೇಕಾದದ್ದು ಆಸೆ. ಇವನಿಗೆ ಏನು ಬೇಕು ಅಂತ ನಮಗೆ ಬೇಗ ಗೊತ್ತಾಗಬೇಕು, ಅದು ಕೈಗೆ ಸಿಗುವಂಥ ಚಿಕ್ಕ ವಿಷಯ ಆಗಿರಬೇಕು. 2018ರ 'ಕೆಜಿಎಫ್' ಎಷ್ಟೇ ಬಿಲ್ಡಪ್ ಕೊಟ್ಟರೂ ಅದರ ತಳದಲ್ಲಿ ಸಾಯುತ್ತಿರುವ ತಾಯಿಗೆ ಕೊಟ್ಟ ಒಂದು ಮಾತಿದೆ. 2014ರ 'ಜಾನ್ ವಿಕ್' ಶುರುವಾಗುವುದು ಒಂದು ನಾಯಿಮರಿಯಿಂದ, ತೀರಿಹೋದ ಹೆಂಡತಿ ತನ್ನ ನೆನಪಿಗೆ ಕಳಿಸಿದ ಮರಿ ಅದು. ಅದನ್ನು ಕೊಂದರು ಅಂದ ಮೇಲೆ ಅವನು ಎಷ್ಟು ಜನರನ್ನು ಹೊಡೆದರೂ ನಾವು ಅವನ ಪರ.

"ಇಡೀ ಜಗತ್ತನ್ನು ಉಳಿಸಬೇಕು" ಅನ್ನುವ ಕಥೆಗಳು ಸೋಲುವುದು ಇಲ್ಲೇ. ಜಗತ್ತು ಅಂದರೆ ಯಾರು? ಒಂದು ಮುಖ ಬೇಕಲ್ವಾ. ಅದೂ ಅಲ್ಲದೆ ನಾಯಕ ಸೋಲುವುದಿಲ್ಲ ಅಂತ ನಮಗೆ ಮೊದಲೇ ಗೊತ್ತು, ಮುಂದಿನ ಭಾಗದ ಘೋಷಣೆ ಆಗಿಹೋಗಿರುತ್ತದೆ.

ಇನ್ನೊಂದು ವಿಷಯ, ಜನ ಇದನ್ನು ಕಥೆ ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಯಾರು ಎಲ್ಲಿದ್ದಾರೆ, ಇನ್ನೂ ಎಷ್ಟು ಜನ ಬಾಕಿ ಅಂತ ಪ್ರೇಕ್ಷಕನಿಗೆ ಗೊತ್ತಿರಬೇಕು. 1954ರ 'ಸೆವೆನ್ ಸಮುರಾಯ್' ನೋಡಿ, ಏಳು ಜನ ಕತ್ತಿ ಹಿಡಿದ ಯೋಧರು ಒಂದು ಊರನ್ನು ದರೋಡೆಕೋರರಿಂದ ಕಾಯುವ ಜಪಾನಿ ಸಿನಿಮಾ. ದರೋಡೆಕೋರರು 40 ಜನ. ಸಮುರಾಯ್ ಮುಖಂಡ ಕಾಗದದ ಮೇಲೆ ಅಷ್ಟು ಸೊನ್ನೆ ಬರೆದು, ಒಬ್ಬೊಬ್ಬ ಸತ್ತಾಗ ಒಂದೊಂದನ್ನೇ ಹೊಡೆದು ಹಾಕುತ್ತಾನೆ. ಊರಿನ ಯಾವ ಕಡೆ ಬೇಲಿ, ಯಾವ ಕಡೆ ನೀರು ಅಂತ ಮೊದಲೇ ತೋರಿಸಿರುತ್ತಾರೆ. ಹಾಗಾಗಿ ಕೊನೆಯ ಮಳೆಯ ಕಾಳಗದಲ್ಲಿ ಅಷ್ಟು ಕೆಸರು, ಅಷ್ಟು ಗಲಾಟೆ ಇದ್ದರೂ ನಮಗೆ ಗೊಂದಲ ಆಗುವುದಿಲ್ಲ, ಭಯ ಆಗುತ್ತದೆ. ಏಳು ಜನರಲ್ಲಿ ನಾಲ್ವರು ಸಾಯುತ್ತಾರೆ, ನಾಲ್ವರೂ ಗುಂಡೇಟಿಗೆ. ಕತ್ತಿಯಲ್ಲಿ ಅವರನ್ನು ಯಾರೂ ಸೋಲಿಸಲಿಲ್ಲ. ಆ ಒಂದು ವಿವರದಲ್ಲೇ ಕತ್ತಿಯ ಕಾಲ ಮುಗಿಯಿತು ಅನ್ನುವುದು ಕಾಣುತ್ತದೆ, ಯಾರೂ ಭಾಷಣ ಮಾಡಬೇಕಾಗಿಲ್ಲ.

ಉತ್ತರ 3

ನಾನು ಕೆಲವು ವರ್ಷ ಎಡಿಟಿಂಗ್‌ನಲ್ಲಿ ಸಹಾಯಕನಾಗಿದ್ದೆ. ಒಳಗಿನಿಂದ ಕಂಡದ್ದನ್ನು ಹೇಳುತ್ತೇನೆ. ಎಷ್ಟೋ ಸಲ ಕಥೆ ಮುಗಿಯುವ ಮೊದಲೇ ಬಿಡುಗಡೆ ದಿನಾಂಕ ನಿಂತಿರುತ್ತದೆ. ಇಂಟರ್ವಲ್ ಬ್ಲಾಕ್, ಕ್ಲೈಮ್ಯಾಕ್ಸ್ ಫೈಟ್ ಮೊದಲು ತೀರ್ಮಾನ ಆಗುತ್ತವೆ, ಯಾಕೆಂದರೆ ಗ್ರಾಫಿಕ್ಸ್ ಕೆಲಸಕ್ಕೆ ತಿಂಗಳುಗಟ್ಟಲೆ ಬೇಕು. ಬರಹಗಾರ ಆಮೇಲೆ ಈ ಫೈಟಿನಿಂದ ಆ ಫೈಟಿಗೆ ಸೇತುವೆ ಕಟ್ಟುತ್ತಾ ಕೂರಬೇಕು.

ಒಂದು ಸಿನಿಮಾದಲ್ಲಿ ನಾಯಕ ಮತ್ತು ಅವನ ತಂಗಿ ರಾತ್ರಿ ಸುಮ್ನೆ ಕೂತು ಮಾತಾಡುವ ಎರಡು ನಿಮಿಷದ ದೃಶ್ಯ ಇತ್ತು. ಉದ್ದ ಜಾಸ್ತಿ ಆಯಿತು ಅಂತ ಅದನ್ನು ತೆಗೆಯಲು ಹೇಳಿದರು. ಮುಂದೆ ತಂಗಿಗಾಗಿ ನಡೆಯುವ ಒಂಬತ್ತು ನಿಮಿಷದ ಫೈಟ್ ಮಾತ್ರ ಹಾಗೇ ಉಳಿಯಿತು, ಏಕೆಂದರೆ ಅದಕ್ಕೆ ದುಡ್ಡು ಸುರಿದಿದ್ದರು. ಪ್ರೇಕ್ಷಕರ ಜೊತೆ ಕೂತು ನೋಡಿದಾಗ ಆ ಒಂಬತ್ತು ನಿಮಿಷ ಯಾರಿಗೂ ತಟ್ಟಲಿಲ್ಲ. ಫೈಟಿನಲ್ಲಿ ಒಂದು ಫ್ರೇಮೂ ಬದಲಾಗಿರಲಿಲ್ಲ! ನನಗೆ ಇವತ್ತಿಗೂ ಅದರ ಬೇಜಾರಿದೆ. ಆಕ್ಷನ್ ಮೊದಲು ಯೋಚಿಸಿ ಕಥೆ ಆಮೇಲೆ ಹೊಲಿದರೆ ಹೀಗೇ ಆಗುತ್ತದೆ.

ಉತ್ತರ 4

ಉತ್ತರ 3ರ ಕೊನೆಯ ಸಾಲಿಗೆ ಮಾತ್ರ ನನ್ನ ತಕರಾರು. 2015ರ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' ಹುಟ್ಟಿದ್ದೇ ಆಕ್ಷನ್‌ನಿಂದ. ನಿರ್ದೇಶಕ ಜಾರ್ಜ್ ಮಿಲ್ಲರ್ ಮಾಮೂಲಿ ಸ್ಕ್ರಿಪ್ಟ್ ಬದಲು, ಒಂದೊಂದು ಶಾಟನ್ನೂ ಚಿತ್ರ ಬರೆದಿಡುವ ಸ್ಟೋರಿಬೋರ್ಡ್‌ನಲ್ಲೇ ಕಥೆ ಕಟ್ಟಿದರು, ಸುಮಾರು 3500 ಚಿತ್ರಗಳು. ಕಥೆ ಕೇಳಿದರೆ ಒಂದು ಸಾಲು: ರಸ್ತೆಯಲ್ಲಿ ಹೋಗುತ್ತಾರೆ, ಅದೇ ರಸ್ತೆಯಲ್ಲಿ ವಾಪಸ್ ಬರುತ್ತಾರೆ. ಮಾತು ತೀರಾ ಕಡಿಮೆ.

ಆದರೆ ಶುರುವಿನಲ್ಲಿ ನಾಯಕ ಮ್ಯಾಕ್ಸ್‌ನನ್ನು ಕಟ್ಟಿಹಾಕಿ, ಅವನ ರಕ್ತವನ್ನು ಬೇರೆಯವನಿಗೆ ಹರಿಸುತ್ತಿರುತ್ತಾರೆ, ಅವನು ಅವರಿಗೆ ಬರೀ ಒಂದು ರಕ್ತದ ಚೀಲ. ಕೊನೆಯಲ್ಲಿ ನಾಯಕಿ ಫ್ಯೂರಿಯೋಸಾ ಸಾಯುವ ಹಂತದಲ್ಲಿದ್ದಾಗ ಅದೇ ಮನುಷ್ಯ ತಾನಾಗಿ ಕೊಳವೆ ಚುಚ್ಚಿಕೊಂಡು ಅವಳಿಗೆ ರಕ್ತ ಕೊಡುತ್ತಾನೆ. ಆಗ ತನ್ನ ಹೆಸರು ಹೇಳುತ್ತಾನೆ, ಅವಳು ಮೊದಲು ಕೇಳಿದಾಗ ಹೇಳಿರಲಿಲ್ಲ. ಅದೇ ರಕ್ತ, ಅದೇ ಕೊಳವೆ. ಮೊದಲು ಕಿತ್ತುಕೊಂಡದ್ದು, ಈಗ ಕೊಟ್ಟದ್ದು. ನಾನು ಅಲ್ಲಿ ಅತ್ತಿದ್ದೇನೆ.

ಹಾಗಾಗಿ ಯಾವುದನ್ನು ಮೊದಲು ಯೋಚಿಸಿದಿರಿ ಅನ್ನುವುದು ಪ್ರಶ್ನೆ ಅಲ್ಲ. ಆ ಚಿತ್ರಗಳನ್ನು ಬರೆಯುವಾಗ ಲಾರಿ ಹೇಗೆ ಉರುಳುತ್ತದೆ ಅನ್ನುವುದರ ಜೊತೆಗೆ, ಒಳಗೆ ಕೂತವರು ಈಗ ಒಬ್ಬರನ್ನೊಬ್ಬರು ಎಷ್ಟು ನಂಬುತ್ತಾರೆ ಅಂತಲೂ ಯೋಚಿಸಿದ್ದಾರಾ ಅನ್ನುವುದು. ಗುರಿ ತಪ್ಪಿದ ಮೇಲೆ ಮ್ಯಾಕ್ಸ್ ಬಂದೂಕನ್ನು ಅವಳ ಕೈಗೆ ಕೊಟ್ಟು, ತನ್ನ ಹೆಗಲ ಮೇಲೆ ಇಟ್ಟುಕೊಳ್ಳಲು ಬಿಡುತ್ತಾನಲ್ಲ, ಅಲ್ಲಿ ಒಂದು ಡೈಲಾಗ್ ಬೇಕಿತ್ತಾ?

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. 'ಬಾಹುಬಲಿ' ಮೊದಲ ಭಾಗ 2015ರಲ್ಲಿ ಬಂದಾಗ ಅಷ್ಟು ದೊಡ್ಡ ಯುದ್ಧ ನೋಡಿಯೂ, ಎರಡು ವರ್ಷ ಎಲ್ಲರ ಬಾಯಲ್ಲಿ ಇದ್ದದ್ದು ಕಟ್ಟಪ್ಪ ಬಾಹುಬಲಿಯನ್ನು ಯಾಕೆ ಕೊಂದ ಅನ್ನುವ ಒಂದೇ ಪ್ರಶ್ನೆ. ಆಗ ಅದು ಬರೀ ಟ್ವಿಸ್ಟ್ ಅಂದುಕೊಂಡಿದ್ದೆ. ಸಿಂಹಾಸನಕ್ಕೆ ಕಟ್ಟುಬಿದ್ದವನು, ಎತ್ತಿ ಆಡಿಸಿದ ಹುಡುಗನ ಬೆನ್ನಿಗೆ ಕತ್ತಿ ಹಾಕಬೇಕಾಗಿ ಬಂತು ಅನ್ನುವುದು ನಮ್ಮನ್ನು ಹಿಡಿದಿಟ್ಟಿತ್ತು ಅಂತ ಈಗ ಅನ್ನಿಸುತ್ತಿದೆ.

ಉತ್ತರ 1 ಓದಿ ನಿನ್ನೆ ರಾತ್ರಿ 'ಡೈ ಹಾರ್ಡ್' ಮತ್ತೆ ಹಾಕಿದೆ. ಹೆಂಡತಿಯ ಕೈಗಡಿಯಾರ ಗಮನಿಸಿದ್ದೀರಾ? ಕೆಲಸಕ್ಕೆ ಮೆಚ್ಚಿ ಆಫೀಸಿನವರು ಕೊಟ್ಟದ್ದು. ಆ ಕೆಲಸಕ್ಕಾಗಿಯೇ ಅವಳು ಬೇರೆ ಊರಿಗೆ ಬಂದದ್ದು, ಗಂಡನಿಗೆ ಉರಿಯುವುದೂ ಅದಕ್ಕೇ. ಕೊನೆಯಲ್ಲಿ ಕಿಟಕಿಯಾಚೆ ನೇತಾಡುವ ಖಳನಾಯಕ ಹಿಡಿದುಕೊಂಡಿರುವುದು ಅದೇ ಗಡಿಯಾರ ಕಟ್ಟಿದ ಕೈಯನ್ನು. ಗಂಡ ಅದರ ಕೊಂಡಿ ಬಿಚ್ಚುತ್ತಾನೆ. ಇಷ್ಟು ವರ್ಷ ನಾನು ಅಲ್ಲಿ ನೋಡಿದ್ದು ಬೀಳುವವನನ್ನು ಮಾತ್ರ.