ಬಾತ್‌ರೂಮ್ ಪಕ್ಕದ ಗೋಡೆ ಉಬ್ಬಿದೆ, ಟೈಲ್ಸ್ ಕೀಳಬೇಕಾ?

ಪ್ರಶ್ನೆ: ಬಾತ್‌ರೂಮಿಗೆ ಅಂಟಿದ ಬೆಡ್‌ರೂಮ್ ಗೋಡೆಯಲ್ಲಿ ನೆಲದಿಂದ ಒಂದಡಿ ಎತ್ತರಕ್ಕೆ ಬಣ್ಣ ಉಬ್ಬಿ ಪುಡಿ ಉದುರುತ್ತಿದೆ. ಟೈಲ್ಸ್ ಪೂರ್ತಿ ಕೀಳಲೇಬೇಕಾ?

ಉತ್ತರ 1: ಈಗಲೇ ಬೇಡ ಸರ್. ತೇವದ ಅಂಚಿಗೆ ಪೆನ್ಸಿಲ್ ಗೆರೆ ಎಳೆಯಿರಿ. ಎರಡು ದಿನ ಬಾತ್‌ರೂಮ್ ಬಳಸದೆ, ನಲ್ಲಿ ಮುಚ್ಚಿ, ಟ್ಯಾಂಕಿನ ವಾಲ್ವ್ ಮಾತ್ರ ತೆರೆದಿಡಿ. ಆಗಲೂ ತೇವ ಗೆರೆ ದಾಟಿದರೆ ಒಳಗಿನ ಪೈಪ್ ಮೇಲೆ ಅನುಮಾನ. ದಾಟದಿದ್ದರೆ ಟ್ರ್ಯಾಪ್‌ಗೆ (ನೆಲದ ನೀರು ಹೊರಹೋಗುವ ಕಿಂಡಿ) ಬಟ್ಟೆ ತುರುಕಿ ಒಂದಿಂಚು ನೀರು 24 ಗಂಟೆ ನಿಲ್ಲಿಸಿ. ಈಗ ದಾಟಿದರೆ ನೆಲದ್ದೇ ತೊಂದರೆ.

ಉತ್ತರ 2: ನೆಲದ್ದಾದರೆ ಮೊದಲು ಟ್ರ್ಯಾಪ್ ಸುತ್ತಲಿನ ಸಂದು, ಗೋಡೆ-ನೆಲ ಸೇರುವ ಮೂಲೆ ನೋಡಿ. ಸಂದಿನ ಬಿಳಿ ಸಿಮೆಂಟ್ ಬಿಟ್ಟುಹೋಗುವುದು ಅಲ್ಲೇ. ಹಳೆಯದನ್ನು ಕೆರೆದು, ಚೆನ್ನಾಗಿ ಒಣಗಿಸಿ, ಎಪಾಕ್ಸಿ ಗ್ರೌಟ್ (ಟೈಲ್ಸ್ ಸಂದಿಗೆ ತುಂಬುವ, ನೀರು ಹೀರದ ಪೇಸ್ಟ್) ತುಂಬಿ. ಸ್ವಲ್ಪ ಸ್ವಲ್ಪವೇ ಕಲಸಿ, ಬೇಗ ಗಟ್ಟಿಯಾಗುತ್ತೆ.

ಉತ್ತರ 3: ಗೋಡೆ ಪೂರ್ತಿ ಒಣಗುವ ಮುಂಚೆ ದಯವಿಟ್ಟು ಪುಟ್ಟಿ ಹಾಕಿಸಬೇಡಿ, ಮತ್ತೆ ಉಬ್ಬುತ್ತೆ.