ಡಾಕ್ಯುಮೆಂಟರಿಯಲ್ಲಿ ಅವರ ಮುಖ ತೋರಿಸಬೇಕಾ?

ಪ್ರಶ್ನೆ (ಪತ್ರಿಕೋದ್ಯಮ ವಿದ್ಯಾರ್ಥಿನಿ, ಕೋಲಾರ ಜಿಲ್ಲೆ):
ಕೊನೆಯ ವರ್ಷದ ಪ್ರಾಜೆಕ್ಟ್‌ಗೆ 12 ನಿಮಿಷದ ಡಾಕ್ಯುಮೆಂಟರಿ ಮಾಡುತ್ತಿದ್ದೇನೆ. ಮ್ಯಾನ್‌ಹೋಲ್, ಪಿಟ್ ಗುಂಡಿಗೆ ಇಳಿದು ಕ್ಲೀನ್ ಮಾಡಿದವರ ಬದುಕೇ ವಿಷಯ. ಮಲ ಹೊರುವ ಪದ್ಧತಿ ವಿರುದ್ಧ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ನಮ್ಮ ಕೆಜಿಎಫ್‌ನವರು. ನಮ್ಮ ಕ್ಲಾಸಿನಲ್ಲಿ ಎಷ್ಟೋ ಜನಕ್ಕೆ ಅದು ಗೊತ್ತಿರಲಿಲ್ಲ. ಅದಕ್ಕೇ ಈ ವಿಷಯ ಹಿಡಿದೆ.

ಒಬ್ಬ ಅಣ್ಣನ ಮನೆಗೆ ಮೂರು ಭಾನುವಾರ ಹೋದೆ. ಮೊದಲ ಎರಡು ಸಲ ಕ್ಯಾಮೆರಾ ಬ್ಯಾಗಿನಿಂದ ತೆಗೆಯಲಿಲ್ಲ. ಮೂರನೇ ಸಲ ಅವರೇ "ಏನಮ್ಮಾ, ಇವತ್ತೂ ತೆಗೆಯಲ್ವಾ?" ಅಂದರು. ಒಂದು ಗಂಟೆ ಮಾತಾಡಿದರು. ಅಷ್ಟೂ ಹೊತ್ತು ಬೆರಳುಗಳನ್ನು ಪಂಚೆಗೆ ಒರೆಸುತ್ತಲೇ ಇದ್ದರು. ಕೈಯಲ್ಲಿ ಏನೂ ಇರಲಿಲ್ಲ. ಹೊರಡುವಾಗ ಬಾಗಿಲ ಹತ್ತಿರ ಮೆಲ್ಲಗೆ ಹೇಳಿದರು: "ಮಗಳಿಗೆ ನೀರಿನ ಪಂಪ್ ನೋಡ್ಕೋತಿದ್ದೆ ಅಂತ ಹೇಳಿದೀನಿ."

ಮುಖ ಇಲ್ಲದಿದ್ದರೆ ಸಿನಿಮಾ ಮನಸ್ಸಿಗೆ ತಟ್ಟಲ್ಲ ಅಂತ ನಮ್ಮ ಮೇಷ್ಟ್ರು ಹೇಳುತ್ತಾರೆ. ಗುಂಡಿಗೆ ಇಳಿಯುವ ಒಂದು ಶಾಟ್ ಬೇಕೇ ಬೇಕು ಅಂತ ಕ್ಯಾಮೆರಾ ಹಿಡಿಯುವ ಗೆಳೆಯ ಹಟ ಹಿಡಿದಿದ್ದಾನೆ. ಏನು ಮಾಡಲಿ?

ಉತ್ತರ 1:
ಇಳಿಯುವ ಶಾಟ್ ಬೇಡವೇ ಬೇಡ. ಸುರಕ್ಷತಾ ಸಲಕರಣೆ ಇಲ್ಲದೆ ಹಾಗೆ ಇಳಿಸುವುದನ್ನು ಮಲ ಹೊರುವ ಪದ್ಧತಿ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಅಭಿನಯ ಅಂತಲೂ ಇಳಿಸಬೇಡಿ. ಒಳಗಿನ ಗ್ಯಾಸ್ ಮೊದಲು ಕೊಳೆತ ಮೊಟ್ಟೆ ಥರ ನಾರುತ್ತದೆ. ಜಾಸ್ತಿ ಆದರೆ ಮೂಗಿಗೆ ವಾಸನೆಯೇ ಗೊತ್ತಾಗಲ್ಲ. ಅಷ್ಟರಲ್ಲಿ ಮನುಷ್ಯ ಬಿದ್ದಿರುತ್ತಾನೆ. ನಿಮ್ಮ ಗೆಳೆಯನಿಗೆ ಇದನ್ನು ಓದಿ ಹೇಳಿ.

ಉತ್ತರ 2:
ನಮ್ಮಪ್ಪನೂ ಇದೇ ಕೆಲಸ ಮಾಡಿದವರು. ಅವರನ್ನೂ ಯಾರೋ ಶೂಟ್ ಮಾಡಿದ್ದರು. ಮುಖ ಬ್ಲರ್ ಮಾಡಿದ್ದರು ನಿಜ. ಹಾಸ್ಟೆಲ್ ರೂಮಿನಲ್ಲಿ ಯಾರದೋ ಫೋನಿನಲ್ಲಿ ಅದು ಓಡುತ್ತಿತ್ತು. ಎರಡು ಮಾತು ಕೇಳುತ್ತಿದ್ದಂತೆ ಅಪ್ಪನ ದನಿ ಅಂತ ಗೊತ್ತಾಯಿತು. ಅಪ್ಪ ನಕ್ಕಿದ್ದನ್ನೆಲ್ಲ ಕತ್ತರಿಸಿ, ಅತ್ತಿದ್ದನ್ನಷ್ಟೇ ಇಟ್ಟಿದ್ದರು. ನಮ್ಮಪ್ಪ ತುಂಬಾ ನಗುವ ಮನುಷ್ಯ. ಮುಖ ಮುಚ್ಚಿದರೆ ಸಾಲದು ತಂಗಿ, ದನಿಯ ಬಗ್ಗೆಯೂ ಕೇಳು. ಮಗಳಿಗೆ ಹೇಳುವುದೋ ಬಿಡುವುದೋ ಅವರಿಗೆ ಬಿಟ್ಟಿದ್ದು. ಎಡಿಟ್ ಮುಗಿದ ಮೇಲೆ ಮೊದಲು ಅವರಿಗೇ ತೋರಿಸು. ಬೇಡ ಅಂದಿದ್ದನ್ನು ತೆಗೆದುಬಿಡು.

ಉತ್ತರ 3 (ವಕೀಲೆ):
ಒಂದು ಮಾತು ಸೇರಿಸುತ್ತೇನೆ. ಚರಂಡಿ ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸಿನಿಮಾದ ಕೊನೆಯಲ್ಲಿ ಇದನ್ನು ದೊಡ್ಡ ಅಕ್ಷರದಲ್ಲಿ ಹಾಕಿ, ಯಾರಾದರೂ ಓದಿಯೂ ಹೇಳಲಿ. ಅಂಥ ಕುಟುಂಬ ಸಿಕ್ಕರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿ. ಹೆಂಗಸರಿಗೆ, ಪರಿಶಿಷ್ಟ ಜಾತಿಯವರಿಗೆ ಅಲ್ಲಿ ವಕೀಲರು ಉಚಿತವಾಗಿ ಸಿಗುತ್ತಾರೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಮತ್ತೆ ಹೋಗಿದ್ದೆ. ಟೀ ತಂದುಕೊಟ್ಟಿದ್ದು ಮಗಳೇ. ಅವಳು ಒಳಗೆ ಹೋದ ಮೇಲೆ ದನಿಯ ಬಗ್ಗೆ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು, "ಮಾತು ಇರಲಿ, ಬೇರೆಯವರು ಹೇಳಲಿ" ಅಂದರು. ಮುಖವನ್ನು ಸಿನಿಮಾದಿಂದ ತೆಗೆದುಹಾಕಿದೆ. ಅವರ ಮಾತನ್ನು ನಾನೇ ಓದುತ್ತೇನೆ. ಪಂಚೆಗೆ ಒರೆಸುವ ಆ ಕೈಗಳನ್ನು ಇಟ್ಟುಕೊಳ್ಳಲಾ ಅಂತಲೂ ಕೇಳಿದೆ. ಕೈ ತಿರುಗಿಸಿ ನೋಡಿಕೊಂಡು, ಸರಿ ಅಂದರು.